ನೌಶಾದ್ ತೋಳು, ನಯ್ಯರ್ ತೋಳು

ಎರಡೂ ಕೈ ಎಡಗೈಯೇ ಆಗಿರುವ ಮದುಮಗನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಅವನನ್ನು ಹಾಗೆ ಮಾಡಿದವನೂ ನಾನೇ. ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬಹಳ ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಮೊಯ್ದಿನಬ್ಬ ಎಂಬ ಈ ಬಡಪಾಯಿ ಅರುವತ್ತೊಂದನೇ ಇಸವಿಯಲ್ಲಿ ಆದ ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಕೇಳುವವರು ಸಿಕ್ಕಿದ್ದೀರಿ, ಹೇಳಿಬಿಡುತ್ತೇನೆ.

ಎಲ್ಲಕ್ಕೂ ಮೂಲ ರೇಡಿಯೋ. ಅದು ಅಂಗಡಿಗೆ ಬಂದ ಮೇಲೆ ನಾನೊಂದು ಮಹಾ ಸತ್ಯವನ್ನು ಕಂಡುಹಿಡಿದೆ. ಸಿಲೋನಿನಿಂದ ಹಿಂದಿ ಹಾಡು ಬರುತ್ತಿರುವಾಗ ಮಿಶನ್ ತುಳಿದರೆ ಕಾಲು ಹಾಡಿನ ತಾಳಕ್ಕೆ ಬೀಳುತ್ತದೆ. ಕಾಲು ತಾಳಕ್ಕೆ ಬಿದ್ದರೆ ಸೂಜಿಯೂ ತಾಳಕ್ಕೆ ಬೀಳುತ್ತದೆ. ಅಂದ ಮೇಲೆ ಸಂಗೀತ ನಿರ್ದೇಶಕನ ಗುಣ ಬಟ್ಟೆಗೆ ಇಳಿಯದೆ ಇರುತ್ತದೆಯೇ? (ಇದನ್ನು ಬೊಂಬಾಯಿಯಲ್ಲಿ ಕುಳಿತು ಹೇಳಿದ್ದರೆ ನನಗೆ ಬಿರುದು ಸಿಗುತ್ತಿತ್ತು. ಪುತ್ತೂರಿನಲ್ಲಿ ಹೇಳಿದ್ದಕ್ಕೆ ಹೆಂಡತಿಯ ಬೈಗುಳ ಸಿಕ್ಕಿತು.)

ನೌಶಾದ್ ಸಾಹೇಬರದ್ದು ಕೋಟಿನ ಸಂಗೀತ. ರಾಗದ ಅಳತೆ ತೆಗೆದು, ಸೀಸಕಡ್ಡಿಯಲ್ಲಿ ಗೆರೆ ಹಾಕಿ, ಅಸ್ತರು ಕೊಟ್ಟು ಹೊಲಿದ ಹಾಗೆ. ಎಷ್ಟು ದೊಡ್ಡ ವಾದ್ಯವೃಂದ ಇದ್ದರೂ ಒಂದು ನೂಲು ಹೊರಗೆ ಕಾಣುವುದಿಲ್ಲ. ಶಂಕರ್-ಜೈಕಿಶನ್ ಅವರದ್ದು ಹುಡುಗಿಯರ ಫ್ರಾಕು. ನೂರು ಪಿಟೀಲು ಒಟ್ಟಿಗೆ ಎದ್ದರೆ ಅದು ಸಂಗೀತವಲ್ಲ ಮಾರಾಯ್ರೆ, ಸೊಂಟದಿಂದ ಮೊಣಕಾಲಿನವರೆಗೆ ನೆರಿಗೆ! ಬರ್ಮನ್ ದಾದಾ ಅಂದರೆ ಜುಬ್ಬ: ಬಟ್ಟೆ ಕಡಿಮೆ, ಗಾಳಿ ಜಾಸ್ತಿ, ಹಾಕಿಕೊಂಡರೆ ಹೊಳೆ ದಾಟುವ ದೋಣಿಯಲ್ಲಿ ಕುಳಿತ ಹಾಗೆ. ಮದನ್ ಮೋಹನ್ ಅವರ ಗಜಲ್ ಬಂದರೆ ಕರವಸ್ತ್ರದ ಅಂಚು ಮಡಚಬೇಕು. ಮಡಚಿದ ಕೂಡಲೇ ಕಣ್ಣಿಗೆ ಬೇಕಾಗುತ್ತದೆ. ಇನ್ನು ಓ.ಪಿ. ನಯ್ಯರ್. ಕುದುರೆ ಗಾಡಿಯ ಟಕ್‌ಟಕ್. ಅವರ ಹಾಡಿಗೆ ಪ್ಯಾಂಟಿನ ಉದ್ದ ಹೊಲಿಗೆ ಹಾಕಿದರೆ ಸೊಂಟದಿಂದ ಹೊರಟ ಸೂಜಿ ಪಾದ ಮುಟ್ಟಿ ಅಲ್ಲಿಂದಲೂ ನಾಲ್ಕು ಅಂಗುಲ ಮುಂದೆ ಹೋಗಿ ನಿಲ್ಲುತ್ತದೆ.

ಈ ಜ್ಞಾನವನ್ನು ನಾನು ಮೊದಲು ಹಂಚಿಕೊಂಡದ್ದು ಮನೆಯಾಕೆ ಆಸಿಯಾಳ ಹತ್ತಿರ. ಕಾಜ ಹಾಕುವುದು, ಗುಂಡಿ ಇಡುವುದು, ಹೆಮ್ಮಿಂಗು, ಈ ಕೈಕೆಲಸವೆಲ್ಲ ಮನೆಯಲ್ಲಿ ಅವಳದ್ದು. ಅವಳು ಸೂಜಿಗೆ ನೂಲು ಪೋಣಿಸುತ್ತಾ ಕೇಳಿದಳು.

"ಮತ್ತೆ ನಿನ್ನೆ ದುಗ್ಗಪ್ಪ ಗೌಡ್ರ ಚಡ್ಡಿಯ ಒಂದು ಕಾಲು ಗಿಡ್ಡ ಆದದ್ದು ಯಾರ ಸಂಗೀತ?"

"ಅದು ವಾರ್ತೆಯ ಹೊತ್ತಿನಲ್ಲಿ ಹೊಲಿದದ್ದು."

"ಹಾಗಾದ್ರೆ ವಾರ್ತೆಯವರ ಹತ್ತಿರವೇ ಅಳತೆ ತೆಗೆಸಿ! ಒಂದು ಕೆಲಸ ನೆಟ್ಟಗೆ ಮಾಡ್ಲಿಕ್ಕೆ ಗೊತ್ತಿಲ್ಲ, ಕಿವಿ ಮಾತ್ರ ಸಿಲೋನಿನಲ್ಲಿ."

ಹಾಡಿನ ಗಂಧಗಾಳಿ ಇಲ್ಲದ ಹೆಂಗಸು ಎಂದು ನಾನು ಕ್ಷಮಿಸಿದೆ.

ಆ ವರ್ಷ ಆಸಿಯಾಳ ತಮ್ಮ ಸಮದ್‌ನಿಗೆ ಕಡಬದ ಕಡೆ ಹೆಣ್ಣು ಗೊತ್ತಾಯಿತು. ಮದುಮಗನ ಕೋಟಿಗೆ ಬೊಂಬಾಯಿಯಿಂದ ಹಾಲು ಬಣ್ಣದ ಬಟ್ಟೆ ಬಂತು. ಎಣಿಸಿ ಒಂದೇ ಕೋಟಿಗೆ ಆಗುವಷ್ಟು. ಮೇಲೆ ಒಂದು ಕಿಸೆಗೂ ಉಳಿಯುವುದಿಲ್ಲ. ಅತ್ತೆ ಜೈನಬಮ್ಮನ ಹಿರಿಯ ಅಳಿಯ ಅಬ್ದುಲ್ಲ, ನಮಗೆಲ್ಲ ಅಬ್ದುಲ್ಲಾಕ, ಸುಳ್ಯದ ಜವಳಿ ವ್ಯಾಪಾರಿ, "ಇಂಥ ಬಟ್ಟೆಯನ್ನು ಮಂಗಳೂರಿನಲ್ಲೇ ಹೊಲಿಸ್ಬೇಕು" ಎಂದು ಪಟ್ಟು ಹಿಡಿದರು. ಅತ್ತೆ ಒಪ್ಪಲಿಲ್ಲ.

"ನಮ್ಮ ಮೊಯ್ದಿನಬ್ಬ ಇರುವಾಗ ಮಂಗಳೂರು ಎಂತಕ್ಕೆ? ಕಳೆದ ಹಬ್ಬಕ್ಕೆ ನಿನಗೆ ಹೊಲಿದು ಕೊಟ್ಟ ಕೋಟಿನಲ್ಲಿ ಒಂದು ಕುಂದು ತೋರಿಸು ನೋಡುವ."

ಅಬ್ದುಲ್ಲಾಕನಿಗೆ ತೋರಿಸಲಿಕ್ಕೆ ಆಗಲಿಲ್ಲ. ಹೇಗೆ ಆಗುತ್ತದೆ? ಅದು ಶುದ್ಧ ನೌಶಾದ್ ಕೋಟು. ಬಟ್ಟೆ ನನ್ನ ಕೈಗೆ ಬಂತು. ಬಟ್ಟೆಯ ಜೊತೆ ಹೆಂಡತಿಯ ಒಂದು ಎಚ್ಚರಿಕೆಯೂ ಬಂತು: "ನನ್ನ ಉಮ್ಮ ಎಲ್ಲರ ಎದುರು ನಿಮ್ಮನ್ನು ಹೊಗಳಿದ್ದಾರೆ. ಇದು ಹಾಳಾದ್ರೆ ನಾನು ಆ ಮನೆಯ ಮೆಟ್ಟಿಲು ಹತ್ತುದು ಹೇಗೆ?"

ಮೈಭಾಗ ಹೊಲಿದು ಕೈಕೆಲಸಕ್ಕೆ ಮನೆಗೆ ಕಳಿಸಿದೆ. ಬುಧವಾರ ವಾಪಸು ಬಂತು. ಗೆರೆ ಎಳೆದ ಹಾಗೆ ಇತ್ತು. ತೋಳು ಮಾತ್ರ ಬಾಕಿ. ಮದುವೆ ಭಾನುವಾರ.

ಗುರುವಾರ ಬಂದ ನೋಡಿ ದೇವದಾಸ! ಎದುರಿನ ಮೈಕ್ ಸೆಟ್ಟಿನ ಅಂಗಡಿಯವನು, ನನ್ನ ಜೀವದ ಗೆಳೆಯ, ನಯ್ಯರ್‌ನ ಪರಮ ಭಕ್ತ. ಮದುವೆಗೆ ಹಾಡು ಹಾಕುವುದಕ್ಕೆ ಅವನನ್ನೇ ಗೊತ್ತು ಮಾಡಿದ್ದೆವು.

"ಎಂತ ಬ್ಯಾರಿಗಳೇ, ಮದುಮಗನ ಕೋಟಿಗೂ ನೌಶಾದರದ್ದೇ ಸಂಗೀತವಾ? ಪಾಪ, ಹುಡುಗ ಮದುವೆ ಮನೆಗೆ ಮುಟ್ಟುವಾಗ ಮುದುಕ ಆದಾನು."

"ನಿನ್ನ ನಯ್ಯರ್ ಹಾಕಿದ್ರೆ ನಿಖಾ ಆಗುವ ಮೊದಲೇ ಓಡಿಯಾನು!"

"ಮಾತು ಬೇಡ. ಪರೀಕ್ಷೆ ಆಗ್ಲಿ. ಒಂದು ತೋಳು ನಿಮ್ಮ ನೌಶಾದ್, ಒಂದು ತೋಳು ನನ್ನ ನಯ್ಯರ್. ಮದುವೆಯಲ್ಲಿ ಜನ ನೋಡಿ ಹೇಳ್ಲಿ."

ಇಂಥ ಅಮೋಘ ಆಲೋಚನೆ ನನಗೇ ಬರಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು. ಅವನು ಗ್ರಾಮಫೋನಿನ ಪೆಟ್ಟಿಗೆಯನ್ನೇ ಹೊತ್ತು ತಂದು ಮೇಜಿನ ಮೇಲೆ ಇಟ್ಟ.

ಇಲ್ಲಿ ಸ್ವಲ್ಪ ಗಮನ ಕೊಡಿ. ಲೋಕದ ದರ್ಜಿಗಳೆಲ್ಲ ತೋಳು ಕತ್ತರಿಸುವಾಗ ಬಟ್ಟೆಯನ್ನು ಎರಡಾಗಿ ಮಡಚಿ, ಒಂದೇ ಸಲಕ್ಕೆ ಎರಡೂ ತೋಳು ತೆಗೆಯುತ್ತಾರೆ. ಆಗ ಒಂದು ಎಡ, ಒಂದು ಬಲ ತನ್ನಿಂದ ತಾನೇ ಆಗುತ್ತದೆ. ಆದರೆ ಒಂದೇ ಸಲ ಕತ್ತರಿಸಿದರೆ ಇಬ್ಬರು ನಿರ್ದೇಶಕರನ್ನು ಹೋಲಿಸುವುದು ಹೇಗೆ? ಬಟ್ಟೆಯನ್ನು ಬಿಡಿಸಿ ಹಾಸಿದೆ. ನೌಶಾದ್ ಪ್ಲೇಟು ತಿರುಗಿತು. ರಟ್ಟಿನ ಮಾದರಿ ಇಟ್ಟು, ಕಣ್ಣು ಅರೆ ಮುಚ್ಚಿ, ಆಲಾಪಕ್ಕೆ ಸರಿಯಾಗಿ ಕತ್ತರಿ ಆಡಿಸಿ ಒಂದು ತೋಳು ತೆಗೆದೆ. ಆಮೇಲೆ ನಯ್ಯರ್ ಪ್ಲೇಟು. ಅದೇ ಮಾದರಿಯನ್ನು ಅದೇ ಮಗ್ಗುಲಿಗೆ ಇಟ್ಟು ಟಕ್‌ಟಕ್ ಎಂದು ಇನ್ನೊಂದು ತೋಳು. ಹೊಲಿಯುವಾಗಲೂ ಅದೇ ಧರ್ಮ: ಅವರವರ ತೋಳಿಗೆ ಅವರವರ ಹಾಡು. ಸಂಜೆ ಮಸೀದಿಯಲ್ಲಿ ಬಾಂಗ್ ಆಗುವಾಗ ಗ್ರಾಮಫೋನು ನಿಲ್ಲಿಸಿದೆವು. ಕೋಟಿನ ಮೈಗೆ ತೋಳು ಸೇರಿ ತಯಾರಾಗಿತ್ತು. ಅಸ್ತರು ಮಾತ್ರ ಬಾಕಿ.

ಶುಕ್ರವಾರ ಜುಮ್ಮಾ ಮುಗಿಸಿ ಸಮದ್ ಬಂದ. ಕೋಟು ತೊಡಿಸಿದೆ. ಎಡಗೈ ಹೂವಿನ ಹಾಗೆ ಹೋಯಿತು. ಬಲಗೈ ಹಾಕಿದವನು ಅಲ್ಲೇ ಸೆಟೆದು ನಿಂತ.

"ಭಾವ, ಈ ಕೈ ಹಿಂದೆ ಹೋಗ್ತಾ ಉಂಟಲ್ಲ?"

"ಹೊಸ ಬಟ್ಟೆ. ಸ್ವಲ್ಪ ಮುಂದೆ ಎಳಿ."

"ಎಳೆದ್ರೆ ನಾನೇ ತಿರುಗ್ತೇನೆ ಭಾವ!"

ನಿಜಕ್ಕೂ ತಿರುಗಿದ. ಬಲ ತೋಳಿನ ಮೊಣಕೈ ಬಾಗು ಬೆನ್ನಿನ ಕಡೆಗೆ. ಹಿಂದೆ ನಿಂತವರಿಗೆ ಸಲಾಂ ಹೇಳುವುದಕ್ಕೆ ಹೇಳಿ ಮಾಡಿಸಿದ ಕೈ. ಮಾವನ ಕೈ ಹಿಡಿದು ನಿಖಾ ಮಾಡಬೇಕಾದರೆ ಹುಡುಗ ಮಾವನಿಗೆ ಬೆನ್ನು ಹಾಕಿ ಕುಳಿತುಕೊಳ್ಳಬೇಕು! ಎರಡೂ ಎಡ ತೋಳು! ಬಟ್ಟೆ ಒಂದು ಅಂಗೈ ಅಗಲ ಉಳಿದಿಲ್ಲ. ನಡುವೆ ಇರುವುದು ಒಂದೇ ದಿನ.

ದೇವದಾಸ ಬಾಗಿಲಲ್ಲಿ ನಿಂತು ನೋಡಿದವನು, "ಹೊಲಿಗೆಯಲ್ಲಿ ಇಬ್ಬರೂ ಸಮ ಸಮ ಬ್ಯಾರಿಗಳೇ" ಎಂದು ಹೇಳಿ ರಸ್ತೆ ದಾಟಿ ತನ್ನ ಅಂಗಡಿಯ ಬಾಗಿಲು ಹಾಕಿಕೊಂಡ.

ಸಮದ್‌ನನ್ನು ಸುಳ್ಯದ ಬಸ್ಸು ಹತ್ತಿಸಿ, ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಹೋದೆ. ಆಸಿಯಾ ಒಲೆಯ ಮುಂದೆ ರೊಟ್ಟಿ ಕಾಯಿಸುತ್ತಿದ್ದಳು.

"ಎಂತ ಆಯ್ತು? ಮುಖ ಯಾಕೆ ಬಸಳೆ ಬೇಯಿಸಿದ ಹಾಗೆ?"

ಹೇಳಿದೆ. ಕಾವಲಿಯ ಮೇಲಿನ ರೊಟ್ಟಿ ಕರಿಯಾಯಿತು. ಅವಳು ತೆಗೆಯಲಿಲ್ಲ.

"ಎರಡೂ?"

"ಎರಡೂ."

"ಯಾ ಅಲ್ಲಾ! ಹದಿನೆಂಟು ವರ್ಷ ಕತ್ತರಿ ಹಿಡಿದವರು ನೀವು! ಮಡಚಿ ಕತ್ತರಿಸ್ಲಿಕ್ಕೆ ಎಂತ ದಾಡಿ?"

"ಮಡಚಿದ್ರೆ ನೌಶಾದ್ ಮತ್ತು ನಯ್ಯರ್ ಬೆರಕೆ ಆಗ್ತಾರೆ..."

ಅವಳು ಸಟ್ಟುಗ ಎತ್ತಿದಳು. (ರೊಟ್ಟಿ ತೆಗೆಯುವುದಕ್ಕೆ ಎಂದು ನಾನು ಇಂದಿಗೂ ನಂಬಿದ್ದೇನೆ.) ಆಮೇಲೆ ಕೋಟನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಬಟ್ಟೆಯ ಒಳ ಮೈ ನೋಡಿದಳು, ಹೊರ ಮೈ ನೋಡಿದಳು.

"ಈ ಬಟ್ಟೆಗೆ ಒಳಗೆ ಹೊರಗೆ ಉಂಟಾ?"

"ಇಲ್ಲ. ಬೊಂಬಾಯಿಯದ್ದು. ಎರಡೂ ಮೈ ಒಂದೇ."

"ಮತ್ತೆ ಒಂದು ತೋಳು ಬಿಚ್ಚಿ, ಒಳಗಿನ ಬದಿ ಹೊರಗೆ ಹಾಕಿ ಹೊಲಿದ್ರೆ ಅದು ಬಲಗೈ ಆಗುದಿಲ್ವಾ?"

ಆ ದಿನದ ಎರಡನೇ ಆಘಾತ ಅದು. ಮೊದಲನೆಯದಕ್ಕಿಂತ ಜೋರು.

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎಂದೆ.

"ಹೇಳುದು ಬೇಡ. ಹೊರಗೆ ಹೋಗಿ ಕೂತ್ಕೊಳ್ಳಿ."

"ಆ ಬಲ ತೋಳು ನೌಶಾದರದ್ದು. ಗ್ರಾಮಫೋನು ತರಿಸ್ಲಾ?"

"ಆ ಪೆಟ್ಟಿಗೆ ಈ ಹೊಸ್ತಿಲು ದಾಟಿದ್ರೆ ನಾನು ಅದೇ ಹೊಸ್ತಿಲು ದಾಟಿ ಉಮ್ಮನ ಮನೆಗೆ!"

ಅವಳ ಹಳೆಯ ಕೈಮಿಶನ್ ಒಳಗೆ ಕಟಕಟ ಎನ್ನುವಾಗ, ನಾನು ಕಿಟಕಿಯ ಹೊರಗೆ ನಿಂತು ನೌಶಾದರ ಹಾಡನ್ನು ಮೆಲ್ಲಗೆ ಗುನುಗಿದೆ. ಸಿದ್ಧಾಂತ ಕೆಡಬಾರದಲ್ಲ!

ಭಾನುವಾರ ಬೆಳಿಗ್ಗೆ ಸುಳ್ಯದ ಅತ್ತೆ ಮನೆಯ ಜಗಲಿಯಲ್ಲಿ ಸಮದ್ ಕೋಟು ತೊಟ್ಟು ನಿಂತ. ಎರಡೂ ಕೈ ಮುಂದೆಯೇ ಬಾಗಿದವು. ಅಲ್‌ಹಮ್ದುಲಿಲ್ಲಾ! ಹಬ್ಬದ ಕೋಟು ಹಾಕಿಕೊಂಡು ಬಂದಿದ್ದ ಅಬ್ದುಲ್ಲಾಕ ನಾಲ್ಕು ಸುತ್ತು ಬಂದು ನೋಡಿ, "ಒಪ್ಪಿದೆ ಮಾರಾಯಾ. ಮಂಗಳೂರಿನವರಿಗೂ ಆಗ್ಲಿಕ್ಕಿಲ್ಲ" ಎಂದರು. ಅಷ್ಟು ಸಾಕಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತೂ ಗಂಡಸಾಗಿ ತಲೆಯೆತ್ತಿ ತಿರುಗುತ್ತಿದ್ದೆ. ಆದರೆ ಹಾರ್ನು ಕಟ್ಟುತ್ತಿದ್ದ ದೇವದಾಸನನ್ನು ಕಂಡು ನಾಲಗೆ ತುರಿಸಿತು.

"ಸುಮ್ಮನೆ ಒಪ್ಪುದಲ್ಲ ಅಬ್ದುಲ್ಲಾಕ. ಬಲ ತೋಳು ನೋಡಿ, ಗಂಭೀರ: ನೌಶಾದ್. ಎಡ ತೋಳು ನೋಡಿ, ಚಂಚಲ: ನಯ್ಯರ್. ಎರಡೂ ಬೇರೆ ಬೇರೆ. ಕಣ್ಣಿದ್ದವರಿಗೆ ಮುಟ್ಟಿದ ಕೂಡ್ಲೆ ಗೊತ್ತಾಗ್ತದೆ."

ಬಾಗಿಲ ಮರೆಯಿಂದ ಅತ್ತೆಯ ಸ್ವರ ಬಂತು. "ಎಂತ ಅದು? ಸಮದಾ, ಇಲ್ಲಿ ಬಾ."

ಜೈನಬಮ್ಮ ಹುಡುಗಿಯಾಗಿದ್ದಾಗಿನಿಂದ ಟೊಪ್ಪಿಗೆ ಕಸೂತಿ ಹಾಕಿದವರು. ಆ ಮನೆಯ ಹೆಂಗಸರೆಲ್ಲ ಸೂಜಿ ಹಿಡಿದದ್ದು ಅವರ ಮಡಿಲಲ್ಲಿ. ಕನ್ನಡಕ ಏರಿಸಿ ಬಲ ತೋಳಿನ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು. ಎಡ ತೋಳಿನ ಮೇಲೂ ಎಳೆದರು.

"ಮೊಯ್ದಿನಬ್ಬ ಹೇಳಿದ್ದು ಸತ್ಯ. ಇದರಲ್ಲಿ ಇಬ್ಬರು ಇದ್ದಾರೆ."

ನಾನು ದೇವದಾಸನ ಕಡೆ ತಿರುಗಿ ಮೀಸೆ ತಿರುವಿದೆ.

"ಎಡ ತೋಳು ನಿಂದು" ಎಂದರು ಅತ್ತೆ ನನಗೆ. "ಎರಡು ಅಂಗುಲ ಓಡುದು, ನಿಲ್ಲುದು. ಮತ್ತೆ ಓಡುದು. ಬಲ ತೋಳು ನನ್ನ ಮಗಳದ್ದು. ಕಾಲರೂ ಅವಳದ್ದೇ. ಎದೆಯೂ ಅವಳದ್ದೇ. ಅಬ್ದುಲ್ಲಾ, ಸ್ವಲ್ಪ ಹತ್ತಿರ ಬಾ." ಅವರು ಹಿರಿಯ ಅಳಿಯನ ಹಬ್ಬದ ಕೋಟಿನ ಬದಿ ಮುಟ್ಟಿ ನೋಡಿದರು. ನನ್ನ ಶುದ್ಧ ನೌಶಾದ್! "ಇದಂತೂ ಇಡೀ ಅವಳದ್ದೇ."

"ಆಸಿಯಾ! ಎಂತ ಇದು?"

ಆಸಿಯಾ ಸೆರಗಿನ ತುದಿ ತಿರುವಿದಳು. "ಕಾಜಕ್ಕೆ ಮನೆಗೆ ತರ್ತೀರಲ್ವಾ, ಸೊಟ್ಟ ಉಂಟು ಅಂತ ಕಂಡ ಮೇಲೆ ಹಾಗೇ ಬಿಡುದು ಹೇಗೆ? ಬಿಚ್ಚಿ ಹೊಲಿದು ಇಡ್ತಿದ್ದೆ."

"ಎಷ್ಟು ಸಮಯದಿಂದ?"

"ನೀವು ರೇಡಿಯೋ ತಂದಲ್ಲಿಂದ."

ಮೂರು ವರ್ಷ! ಮೂರು ವರ್ಷದ ಕೋಟುಗಳು ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನನಗೆ ಬೆನ್ನು ಹಾಕಿ ಹೋದವು. ದೇವದಾಸ ಹಾರ್ನಿನ ಕಂಬವನ್ನು ಅಪ್ಪಿಕೊಂಡು ನಗುತ್ತಿದ್ದ. ಬಿಡಲಿಲ್ಲ ಪಾಪಿ, ಕೇಳಿಯೇಬಿಟ್ಟ.

"ಅದು ಇರ್ಲಿ ಆಸಿಯಕ್ಕ, ಇಷ್ಟು ನೇರ ಹೊಲಿಗೆ ಯಾವ ಹಾಡು ಕೇಳಿ ಹಾಕುದು ನೀವು?"

"ಹಾಡಾ? ನನಗೆ ಪುರುಸೊತ್ತು ಎಲ್ಲಿ? ಮಧ್ಯಾಹ್ನ ಇವರು ಉಂಡು ಮಲಗಿದ ಮೇಲೆ ಮಿಶನ್ ಹಿಡಿಯುದು. ಇವರ ಗೊರಕೆ ಉಂಟಲ್ಲ, ಅದು ಒಂದೇ ಹದ. ಏರುದಿಲ್ಲ, ಇಳಿಯುದಿಲ್ಲ. ಅದಕ್ಕೆ ಸರಿಯಾಗಿ ಕೈ ತಿರುಗಿಸಿದ್ರೆ ಆಯ್ತು."

ಒಳಗಿನ ಹೆಂಗಸರ ನಗು ಮಾಡಿನ ಹೆಂಚು ಎಬ್ಬಿಸಿತು. ನಾನು ಧೈರ್ಯ ತಂದುಕೊಂಡು ಹೇಳಿ ನೋಡಿದೆ: "ಅಂದ ಮೇಲೆ ಮಾಮಿ, ಆ ಕೋಟುಗಳಿಗೆಲ್ಲ ಸಂಗೀತ ನನ್ನದೇ ಆಯ್ತಲ್ಲ?"

"ಆಯ್ತಪ್ಪ" ಎಂದರು ಅತ್ತೆ. "ಇನ್ನು ಸಂಗೀತ ಮಾತ್ರ ನೀನು ನೋಡಿಕೋ. ಕತ್ತರಿ ಅವಳ ಕೈಯಲ್ಲಿ ಕೊಡು."

ಅತ್ತೆಯ ಮಾತು ಮೀರುವುದುಂಟೇ? ಈಗ ಅಂಗಡಿಯಲ್ಲಿ ಅಳತೆ ತೆಗೆಯುವುದು, ಗುಂಡಿ ಇಡುವುದು ನನ್ನ ಪಾಲು. ಕೋಟುಗಳೆಲ್ಲ ನೇರವಾಗಿ ಮನೆಗೆ ಹೋಗುತ್ತವೆ. ಗಿರಾಕಿಗಳು ಹೆಚ್ಚಾಗಿದ್ದಾರೆ ಎನ್ನುವುದೇ ದುಃಖ. ಮದುವೆಯ ಕಾಲದಲ್ಲಿ ಕೆಲಸ ತುಂಬಿದರೆ ಆಸಿಯಾ ಬೆಳಿಗ್ಗೆ ಹತ್ತು ಗಂಟೆಗೇ ಅಂಗಡಿಗೆ ಹೇಳಿ ಕಳಿಸುತ್ತಾಳೆ: "ಬಂದು ಸ್ವಲ್ಪ ಮಲಗ್ಲಿಕ್ಕೆ ಹೇಳಿ. ಕೋಟು ಅರ್ಜೆಂಟು ಉಂಟು." ಹಸಿವಿಲ್ಲ, ನಿದ್ದೆಯಿಲ್ಲ, ಹಗಲು ಹೊತ್ತಿನಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡು ಗೊರೆಯಬೇಕು.

ಮೊನ್ನೆ ನರಿಮೊಗರಿನ ಗಿರಾಕಿಯದ್ದೊಂದು ಕೋಟು ಇತ್ತು. ಗೊರೆದು ಗೊರೆದು ಬೇಸರ ಬಂದು, ನಡುವೆ ಒಂದು ಸ್ವಲ್ಪ ಗೊರಕೆಯನ್ನು ಟಕ್‌ಟಕ್ ಎಂದು ಓಡಿಸಿದೆ. ಮಿಶನ್ ಗಕ್ಕನೆ ನಿಂತಿತು.

"ಇವ್ರೇ" ಎಂದಳು ಆಸಿಯಾ, ತಲೆಯೆತ್ತದೆ. "ನಯ್ಯರ್ ಬೇಡ. ಇದು ಕಾಲರು. ನೌಶಾದ್ ಹಾಕಿ."