ನಾನು ನೋಡದ ಗೋಲುಗಳು

ಕೆಲವರ ಬದುಕಿನಲ್ಲಿ ವಿಚಿತ್ರ ಎಂಬುದು ವರ್ಷಕ್ಕೊಮ್ಮೆ ಬರುತ್ತದೆ. ನನ್ನ ಬದುಕಿನಲ್ಲಿ ಅದು ಪ್ರತಿ ಭಾನುವಾರ ಊಟ ಮುಗಿಸಿ, ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು, ನನ್ನ ಜೊತೆಗೇ ಮೈದಾನಕ್ಕೆ ಬರುತ್ತದೆ.

ಕಾಪುವಿನಿಂದ ಕಾರ್ಕಳದವರೆಗೆ ಫುಟ್‌ಬಾಲ್ ಬಲ್ಲವರು ಯಾರೆಂದು ಕೇಳಿ ನೋಡಿ, ಜನ ನನ್ನ ಹೆಸರು ಹೇಳುತ್ತಾರೆ. ಹೇಳದಿದ್ದರೆ ಪಕ್ಕದಲ್ಲೇ ನಿಂತಿರುವ ನಾನು ಹೇಳುತ್ತೇನೆ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಎ.ಸಿ. ರಿಪೇರಿ ಮಾಡಿದವ ನಾನು. ಅಲ್ಲಿನ ಒಂದು ಸ್ಟೇಡಿಯಂನಲ್ಲಿ ದೊಡ್ಡವರು ಕೂರುವ ಕೋಣೆಯ ಎ.ಸಿ. ಮ್ಯಾಚಿನ ನಡುವೆ ಕೆಟ್ಟಾಗ ನನ್ನನ್ನೇ ಕರೆಸಿದ್ದರು. ನಾನು ತಲೆಯನ್ನು ಮೆಷಿನ್ನಿನ ಒಳಗೆ ಹಾಕಿ ಕೆಲಸ ಮಾಡುತ್ತಿರುವಾಗಲೇ ಅಲ್ಲಿನ ತಂಡ ಎರಡು ಗೋಲು ಹೊಡೆದು ಗೆದ್ದಿತು. ಕೋಣೆ ತಂಪಾದದ್ದಕ್ಕೂ ತಂಡ ಗೆದ್ದದ್ದಕ್ಕೂ ಎಂತ ಸಂಬಂಧ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೆ ಫುಟ್‌ಬಾಲ್ ಗೊತ್ತಿಲ್ಲ.

ಈಗ ನಾನು ನಮ್ಮೂರ ಕ್ಲಬ್ಬಿನ ಅಭಿಮಾನಿ. ಹುಡುಗರು ವಾರವಿಡೀ ಬೇರೆ ಬೇರೆ ಕೆಲಸ ಮಾಡಿ, ಭಾನುವಾರ ಇನ್ನಂಜೆಯ ಕೊಯ್ಲು ಮುಗಿದ ಗದ್ದೆಯಲ್ಲಿ ಆಡುತ್ತಾರೆ. ಸುತ್ತಲಿನ ಊರುಗಳ ಲೀಗಿನಲ್ಲಿ ಮೊದಲ ದರ್ಜೆಯಲ್ಲಿದ್ದೇವೆ. ಕೊನೆಯ ಸ್ಥಾನಕ್ಕೆ ಬಿದ್ದವರನ್ನು ಎರಡನೇ ದರ್ಜೆಗೆ ಇಳಿಸುತ್ತಾರೆ. ಈ ಸಲ ನಮ್ಮವರು ಒಂದು ಭಾನುವಾರ ಹುಲಿ, ಮುಂದಿನ ಭಾನುವಾರ ಬೆಕ್ಕು. ಆದರೆ ಹುಲಿಯಾದ ದಿನ ಅವರು ಹೊಡೆದ ಗೋಲುಗಳಿದ್ದಾವಲ್ಲ, ಅವನ್ನು ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಒಬ್ಬ ಆಸಾಮಿ ಮಾತ್ರ ಒಂದನ್ನೂ ನೋಡಲಿಲ್ಲ. ಆ ಆಸಾಮಿ ನಾನು.

ಬೊಂಡ ಹಿಡಿಯುವವನು

ನಮ್ಮ ಗೋಲ್ ಕೀಪರ್ ಎಂದರೆ ದೇವರು ಪುರುಸೊತ್ತಿನಲ್ಲಿ ಮಾಡಿದ ಮನುಷ್ಯ. ಅವನ ಅಣ್ಣ ತೆಂಗಿನ ಮರ ಹತ್ತಿ ಎಳನೀರಿನ ಬೊಂಡ ಕಿತ್ತು ಬಿಸಾಡುತ್ತಾನೆ, ಇವ ಬುಡದಲ್ಲಿ ನಿಂತು ಹಿಡಿಯುತ್ತಾನೆ. ಒಂದು ಬೊಂಡವೂ ನೆಲ ಮುಟ್ಟಿದ ಚರಿತ್ರೆ ಇಲ್ಲ. ಎರಡು ಒಟ್ಟಿಗೆ ಬಂದರೆ ಎರಡು ಕೈಗೆ ಒಂದೊಂದು. ಮೂರು ಬಂದದ್ದನ್ನೂ ನಾನು ನೋಡಿದ್ದೇನೆ. ಮೂರನೆಯದು ಅವನ ಎರಡು ಕೈ ಖಾಲಿಯಾಗುವವರೆಗೆ ಗಾಳಿಯಲ್ಲೇ ಸ್ವಲ್ಪ ಕಾದಿತ್ತು.

ಮೊದಲ ಮ್ಯಾಚಿನಲ್ಲಿ ಎದುರಾಳಿಗಳು ಎತ್ತರದಲ್ಲಿ ಹೊಡೆದ ಚೆಂಡನ್ನೆಲ್ಲ ಇವ ಹೂ ಕೊಯ್ದ ಹಾಗೆ ಆಕಾಶದಿಂದ ಕೊಯ್ದ. ಪ್ರತಿ ಸಲ ಹಿಡಿದ ಮೇಲೆ ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸಿಯೂ ನೋಡುತ್ತಿದ್ದ, ಅಭ್ಯಾಸಬಲ. ಜನ ಚಪ್ಪಾಳೆ ಹೊಡೆಯುವುದನ್ನೂ ಮರೆತು ಸುಮ್ಮನೆ ನಿಂತುಬಿಟ್ಟರು. ಮಸ್ಕತ್ತಿನಲ್ಲಿಯೂ ಇಂಥವ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನು, ಬರುವಾಗ ಕಾಣೆ ಮೀನು ತರಬೇಕಂತೆ. ಸಿಗ್ನಲ್ ಸರಿಯಿಲ್ಲದೆ ಆಚೆ ತಿರುಗಿ "ಎಂತ? ಕಾಣೆಯಾ?" ಎಂದು ಕೇಳುತ್ತಿದ್ದ ಹಾಗೆ ಹಿಂದೆ ಗದ್ದೆ ಸಿಡಿದಂಥ ಬೊಬ್ಬೆ. ತಿರುಗಿ ನೋಡಿದರೆ ನಮ್ಮವರು ಗೋಲು ಹೊಡೆದು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಹೋಗಲಿ, ಇನ್ನೊಂದು ಹೊಡೆಯುತ್ತಾರೆ ಎಂದುಕೊಂಡು ಫೋನು ಜೇಬಿಗಿಟ್ಟು ನೆಟ್ಟಗೆ ನಿಂತೆ. ಹೊಡೆದರು, ಆದರೆ ಎದುರಿನವರು. ಎರಡು ಸಲ ಚೆಂಡು ನಿಧಾನಕ್ಕೆ ನೆಲದಲ್ಲಿ ಉರುಳಿಕೊಂಡು ಬಂದು ನಮ್ಮ ಕೀಪರನ ಕಾಲಿನ ನಡುವಿನಿಂದ ಒಳಗೆ ಹೋಯಿತು. ಅವ ಆಗಲೂ ಮೇಲೆಯೇ ನೋಡುತ್ತಿದ್ದ.

"ಎಂತ ಮಾರಾಯ ನೀನು! ಕೆಳಗೆ ನೋಡಬೇಕಲ್ವಾ?" ಎಂದೆ.

ಅವ ನನ್ನನ್ನೇ ಪಾಪ ಎಂಬ ಹಾಗೆ ನೋಡಿದ. "ಬೊಂಡ ಯಾವತ್ತಾದರೂ ನೆಲದಲ್ಲಿ ಉರುಳಿಕೊಂಡು ಬರುವುದುಂಟಾ ಅಂಕಲ್?"

ಬಸ್ಸು ಹತ್ತಿದ ಚೆಂಡು

ಬಜಗೋಳಿಯ ಮೈದಾನ ರಸ್ತೆಗೆ ತಾಗಿಕೊಂಡೇ ಉಂಟು. ನಮ್ಮ ಫಾರ್ವರ್ಡ್ ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವ. ವಾರವಿಡೀ ಸೂಜಿ ಹಿಡಿದು ಮೆತ್ತಗೆ ಕೆಲಸ ಮಾಡುವ ಮನುಷ್ಯ, ಭಾನುವಾರ ಕಾಲಿನಲ್ಲಿ ಅದರ ಸೇಡು ತೀರಿಸಿಕೊಳ್ಳುತ್ತಾನೆ. ಅವತ್ತು ಅವ ಹೊಡೆದ ಚೆಂಡು ಗೋಲಿನ ಮೇಲಿನಿಂದ, ಬೇಲಿಯ ಮೇಲಿನಿಂದ, ಗೂಡಂಗಡಿಯ ಮೇಲಿನಿಂದ ಹಾರಿ, ಓಡುತ್ತಿದ್ದ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯೊಳಗೆ ಹೋಗಿ ಕೂತಿತು. ಬಸ್ಸು ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಎಕ್ಸ್‌ಪ್ರೆಸ್ ಬಸ್ಸು ಮನುಷ್ಯರಿಗೇ ನಿಲ್ಲುವುದು ಕಷ್ಟ, ಚೆಂಡಿಗೆ ನಿಲ್ಲುತ್ತದಾ?

"ಹೊಸ ಚೆಂಡು!" ಎಂದು ಕ್ಯಾಪ್ಟನ್ ತಲೆಯ ಮೇಲೆ ಕೈ ಹೊತ್ತ.

"ನಾನಿದ್ದೇನೆ!" ಎಂದು ನಾನು ಸ್ಕೂಟರ್ ಹತ್ತಿದೆ.

ಆ ಬಸ್ಸನ್ನು ಹಿಂದೆ ಹಾಕಿದವರು ಇತಿಹಾಸದಲ್ಲಿ ಇಲ್ಲ. ನಾನೂ ಹಾಕಲಿಲ್ಲ, ಆದರೆ ಅದರ ಧೂಳು ಕಣ್ಣಿಗೆ ಬೀಳುವಷ್ಟು ಹತ್ತಿರ ಹೋದೆ. ಅಷ್ಟು ಹತ್ತಿರ ಹೋದವರೂ ಕಡಿಮೆ. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ. ಒಳಗೆ ಒಬ್ಬರು ಅಜ್ಜಿ ಚೆಂಡನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

"ನಿಮ್ಮದಾ? ಪಾಪ, ದಾರಿಯುದ್ದಕ್ಕೂ ಒಂದು ಚೂರೂ ಅಲ್ಲಾಡಲಿಲ್ಲ" ಎಂದು ನನ್ನ ಕೈಗಿಟ್ಟರು.

ನಾನು ಚೆಂಡನ್ನು ಗೆದ್ದ ಕಪ್ಪಿನ ಹಾಗೆ ತಲೆಯ ಮೇಲೆ ಎತ್ತಿ ಹಿಡಿದು ಬಜಗೋಳಿಗೆ ಮರಳಿದಾಗ ಗೋಲಿನ ಬಲೆ ಬಿಚ್ಚುತ್ತಿದ್ದರು. ಬೇರೆ ಚೆಂಡಿನಲ್ಲಿ ಆಡಿ ನಮ್ಮವರು ಮೂರು ಗೋಲು ಹೊಡೆದು ಗೆದ್ದಿದ್ದರು. ಮೂರನೆಯದು ಅರ್ಧ ಮೈದಾನದಿಂದ ಹೊಡೆದದ್ದಂತೆ, ಗಾಳಿಯಲ್ಲಿ ಬಾಳೆಹಣ್ಣಿನ ಹಾಗೆ ಬಾಗಿತಂತೆ, ಬಜಗೋಳಿಯವರೇ ಬಂದು ಹೊಡೆದವನ ಕಾಲು ಮುಟ್ಟಿ ನೋಡಿದರಂತೆ. ಎಲ್ಲ 'ಅಂತೆ'. ನಾನು ಚೆಂಡು ಮುಂದೆ ಚಾಚಿದೆ.

ಕ್ಯಾಪ್ಟನ್ ಚೆಂಡು ನೋಡಲಿಲ್ಲ, ನನ್ನನ್ನೇ ನೋಡಿದ. "ಅಂಕಲ್, ಮುಂದಿನ ವಾರ ಎಲ್ಲಿಯ ಬಸ್ಸಿಗೆ ಹೊಡೆಯಬೇಕು?"

ರಿಪೋರ್ಟ್

ನಾನು ನೋಡಿದರೆ ನಮ್ಮವರಿಗೆ ಗೋಲಾಗುವುದಿಲ್ಲ ಎಂಬ ಗುಸುಗುಸು ಶುರುವಾಯಿತು. ಲ್ಯಾಬಿನವ ಮಾತ್ರ, "ಸುಮ್ಮನೆ ಹೇಳಬಾರದು, ಟೆಸ್ಟ್ ಮಾಡುವ" ಎಂದ. ಮಣಿಪಾಲದಲ್ಲಿ ಕೆಲಸ ಮಾಡುವವರು ಹಾಗೆಯೇ, ಸೀನು ಬಂದರೂ ಮೊದಲು ಟೆಸ್ಟ್.

ಇನ್ನಂಜೆಯ ಗದ್ದೆಯಲ್ಲೇ ಒಂದು ಅಭ್ಯಾಸದ ಆಟ ಇಟ್ಟರು. ಹತ್ತು ನಿಮಿಷ ನಾನು ನೋಡಬೇಕು, ಹತ್ತು ನಿಮಿಷ ಬೆನ್ನು ಹಾಕಬೇಕು. ನೋಡಿದೆ: ಒಬ್ಬ ಜಾರಿದ, ಒಬ್ಬ ಕಂಬಕ್ಕೆ ಹೊಡೆದ, ಒಬ್ಬನ ಬೂಟು ಚೆಂಡಿಗಿಂತ ಮುಂದೆ ಹೋಯಿತು. ಬೆನ್ನು ಹಾಕಿದೆ: ಗೋಲು. ಮತ್ತೆ ನೋಡಿದೆ: ಖಾಲಿ ಗೋಲಿನ ಮುಂದೆ ನಿಂತ ನಮ್ಮ ಕ್ಯಾಪ್ಟನ್ ಚೆಂಡನ್ನು ಸಿಳ್ಳೆ ಊದುವವನ ಹೊಟ್ಟೆಗೆ ಹೊಡೆದ. ಬೆನ್ನು ಹಾಕಿದೆ: ಮತ್ತೆ ಗೋಲು.

ಲ್ಯಾಬಿನವ ಬೆವರು ಒರೆಸಿಕೊಂಡು ಹತ್ತಿರ ಬಂದು, ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. "ಪಾಸಿಟಿವ್, ಅಂಕಲ್."

ನನಗೆ ಬೇಸರಕ್ಕಿಂತ ನನ್ನ ಮೇಲೆ ನನಗೇ ಭಕ್ತಿ ಹುಟ್ಟಿತು. ಒಂದು ಜೊತೆ ಕಣ್ಣು, ಹನ್ನೊಂದು ಜನ ಎಳೆಯರು! ಮನೆಗೆ ಹೋಗಿ ಹೆಂಡತಿಯ ಹತ್ತಿರ, "ನನ್ನ ಕಣ್ಣಿನಲ್ಲಿ ಎಷ್ಟು ಕರೆಂಟ್ ಉಂಟು ಗೊತ್ತುಂಟಾ?" ಎಂದೆ.

"ಗೊತ್ತುಂಟು. ಕಳೆದ ತಿಂಗಳು ನೀವು ಚಂದ ಉಂಟು ಅಂತ ಹೇಳಿದ ಅಲಸಂಡೆ ಬಳ್ಳಿ ಒಣಗಿದೆ" ಎಂದಳು.

ಇಷ್ಟು ಶಕ್ತಿಯನ್ನು ಹಾಳು ಮಾಡುವುದೇಕೆ, ಎದುರಾಳಿಗಳ ಮೇಲೆ ಬಿಡುವ ಎಂದು ಕ್ಯಾಪ್ಟನಿಗೆ ಹೊಳೆಯಿತು. ಮುಂದಿನ ಮ್ಯಾಚಿನಲ್ಲಿ ನನ್ನ ಕೆಲಸ ಅವರ ಫಾರ್ವರ್ಡನ್ನು ಮಾತ್ರ ದುರುಗುಟ್ಟಿ ನೋಡುವುದು. ರೆಪ್ಪೆ ಬಡಿಯದೆ ನೋಡಿದೆ. ಅವ ನಾಲ್ಕು ಗೋಲು ಹೊಡೆದ.

ಲ್ಯಾಬಿನವ ರಿಪೋರ್ಟಿಗೆ ಇನ್ನೊಂದು ಸಾಲು ಸೇರಿಸಿದ. "ಅಂಕಲಿನ ಕಣ್ಣು ಮನೆಯವರಿಗೆ ಮಾತ್ರ ತಾಗುವುದು."

ಪಾಪನಿವೇದನೆ

ಆಮೇಲೆ ನಾನು ಮ್ಯಾಚಿಗೆ ಹೋಗದ ಭಾನುವಾರ ಗೆಲುವು, ಕದ್ದು ಹೋದ ಭಾನುವಾರ ಸೋಲು. ಹೋಗುವುದಿಲ್ಲ ಎಂದು ಹುಡುಗರಿಗೆ ಮಾತು ಕೊಟ್ಟಿದ್ದೆ. ಆದರೆ ಉಡುಪಿಯವರ ಮೇಲಿನ ಮ್ಯಾಚಿನ ದಿನ ಕಾಲು ಕೇಳಲಿಲ್ಲ. ಗೇರು ಮರದ ಹಿಂದೆ ನಿಂತು ಎಲೆಗಳ ನಡುವೆ ಒಂದೇ ಕಣ್ಣಿನಲ್ಲಿ ನೋಡಿದೆ. ಅರ್ಧ ಕಣ್ಣಿಗೆ ಅರ್ಧ ದೋಷ ಎಂದು ಲೆಕ್ಕ ಹಾಕಿದ್ದೆ. ಒಂದೇ ಗೋಲಿನಲ್ಲಿ ಸೋತರು, ಆದ್ದರಿಂದ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಆದರೂ ಮನಸ್ಸು ಕೊರೆಯಿತು. ಇಗರ್ಜಿಗೆ ಹೋಗಿ ಪಾಪನಿವೇದನೆಗೆ ಮೊಣಕಾಲೂರಿದೆ. ಜಾಲರಿಯ ಆಚೆ ಫಾದರ್ ಕಿವಿ ಕೊಟ್ಟು ಕೂತಿದ್ದರು. ಸಿಟ್ಟು, ಸುಳ್ಳು, ಹೆಂಡತಿಗೆ ಎದುರುತ್ತರ, ಎಲ್ಲ ಹೇಳಿದೆ. ಹೂಂ, ಹೂಂ ಎಂದರು. ಕೊನೆಗೆ, "ಫಾದರ್, ಮಾತು ತಪ್ಪಿ ಮ್ಯಾಚ್ ನೋಡಿದೆ" ಎಂದೆ.

ಆಚೆ ಹೂಂ ನಿಂತಿತು.

"ಕೊನೆಯ ನಿಮಿಷದಲ್ಲಿ ನಮ್ಮವ ಹೊಡೆದದ್ದು ಕಂಬಕ್ಕೆ ತಾಗಿ ಹೊರಗೆ ಹೋಯಿತಲ್ಲ," ಫಾದರ್ ಜಾಲರಿಗೆ ಮುಖ ತಾಗಿಸಿ ಕೇಳಿದರು, "ಆಗ ನೋಡುತ್ತಿದ್ದದ್ದು ನೀನಾ?"

"ಹೌದು ಫಾದರ್."

ಫಾದರ್ ಪ್ರಾಯಶ್ಚಿತ್ತ ಕೊಟ್ಟರು. "ಒಂದು ಜಪಸರ ಪೂರ್ತಿ ಹೇಳು. ಮುಂದಿನ ಭಾನುವಾರ ಸರಿಯಾಗಿ ನಾಲ್ಕು ಗಂಟೆಗೆ, ಮ್ಯಾಚು ಶುರುವಾಗುವಾಗ. ಕಣ್ಣು ಮುಚ್ಚಿಕೊಂಡು."

ಎರಡು ಕುರ್ಚಿ

ಜಪಸರದ ಭಾನುವಾರ ಗೆದ್ದೆವು. ಅದರ ಮುಂದಿನದು ಕೊನೆಯ ಮ್ಯಾಚು, ಇನ್ನಂಜೆಯಲ್ಲಿ, ಕುಕ್ಕುಂದೂರಿನವರ ಮೇಲೆ. ಅವರು ಪಟ್ಟಿಯ ನಡುವೆ ನೆಮ್ಮದಿಯಾಗಿದ್ದರು. ನಾವು ಗೆದ್ದರೆ ಉಳಿಯುತ್ತೇವೆ; ಸಮವಾದರೂ ಇಳಿಯುತ್ತೇವೆ. ನನ್ನದು ಅದರ ಮೇಲೆ ಇನ್ನೊಂದು ಆಸೆ: ಈ ಸೀಸನ್ನಿನಲ್ಲಿ ನಮ್ಮವರ ಒಂದೇ ಒಂದು ಗೋಲು ಕಣ್ಣಾರೆ ನೋಡಬೇಕು. ಕ್ಯಾಪ್ಟನಿನ ಹತ್ತಿರ ಬೇಡಿಕೊಂಡೆ. ಅವ ಕರಗಿದ. "ಬನ್ನಿ ಅಂಕಲ್. ಆದರೆ ಬೆನ್ನು ಹಾಕಿ ಕೂರಬೇಕು."

ಗದ್ದೆಯಂಚಿನ ಎತ್ತರದ ಹುಣಿಯ ಮೇಲೆ, ರೈಲು ಹಳಿಯ ಕಡೆಗೆ ಮುಖ ಮಾಡಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಹೋಗಿ ನೋಡಿದರೆ ಅದರ ಪಕ್ಕದಲ್ಲಿ ಇನ್ನೊಂದು ಕುರ್ಚಿ. ಅದರಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು, ಅವರೂ ಮೈದಾನಕ್ಕೆ ಬೆನ್ನು ಹಾಕಿ ಕೂತಿದ್ದರು.

"ಕುಕ್ಕುಂದೂರಾ?" ಎಂದೆ.

"ಹೌದು. ನಿವೃತ್ತ ಗಣಿತ ಮೇಷ್ಟ್ರು. ನಮ್ಮವರ ಒಂದು ಗೋಲೂ ಈ ವರ್ಷ ನೋಡಲಿಲ್ಲ. ನಾನು ನೋಡಿದರೆ ಅವರಿಗೆ ಆಗುವುದಿಲ್ಲವಂತೆ."

ನಾನು ಅವರ ಕೈ ಹಿಡಿದುಕೊಂಡೆ. ಲೋಕದಲ್ಲಿ ನನ್ನಂಥವ ಇನ್ನೊಬ್ಬ ಇದ್ದಾನೆಂದು ನನಗೆ ಗೊತ್ತಿರಲಿಲ್ಲ.

ಆಟ ಶುರುವಾಯಿತು. ನಾವಿಬ್ಬರೂ ನೆಲಕಡಲೆ ತಿನ್ನುತ್ತಾ ಕಿವಿಯಲ್ಲೇ ಮ್ಯಾಚು ನೋಡಿದೆವು. "ಇದು ಕಾರ್ನರ್" ಎಂದು ನಾನು. "ಅಲ್ಲ, ಥ್ರೋ" ಎಂದು ಮೇಷ್ಟ್ರು. ನಡುವೆ ಒಂದು ರೈಲು ಸಿಗ್ನಲ್ ಸಿಗದೆ ನಮ್ಮೆದುರೇ ನಿಂತಿತು. ಕಿಟಕಿಗಳಲ್ಲಿ ಸಾಲು ಸಾಲು ಮುಖ. ಎಲ್ಲಿಂದ ಎಲ್ಲಿಗೋ ಹೋಗುವ ಜನ ನಮ್ಮ ಕ್ಲಬ್ಬಿನ ಆಟ ನೋಡುತ್ತಿದ್ದಾರೆ, ನಾನು ಅವರ ಮುಖ ನೋಡುತ್ತಿದ್ದೇನೆ! ಒಬ್ಬನ ಬಾಯಿ ದೊಡ್ಡದಾಗಿ ತೆರೆಯಿತು. "ಎಂತಾಯಿತು?" ಎಂದು ಕೂಗಿದೆ. ಅವ ಹೇಳುವಷ್ಟರಲ್ಲಿ ರೈಲು ಹೊರಟಿತು.

ಗೋಲಿಲ್ಲದೆ ಆಟ ಮುಗಿಯುತ್ತಾ ಬಂತು. ಸಿಳ್ಳೆ. ಆಮೇಲೆ ಕೊಕ್ಕರೆ ರೆಕ್ಕೆ ಬಡಿದರೂ ಕೇಳುವಷ್ಟು ಮೌನ. "ನಮಗೆ ಪೆನಾಲ್ಟಿ!" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಹೊಡೆಯಲು ಯಾರಿಗೂ ಧೈರ್ಯ ಸಾಲದೆ ನಮ್ಮ ಬೊಂಡದ ಕೀಪರೇ ಮುಂದೆ ಬಂದಿದ್ದಾನಂತೆ.

ನನ್ನ ಕುತ್ತಿಗೆ ತಾನಾಗಿ ತಿರುಗತೊಡಗಿತು. ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದೆ.

ಮೇಷ್ಟ್ರು ಮೆಲ್ಲನೆ ಹೇಳಿದರು. "ಒಬ್ಬರು ನೋಡಿದರೆ ಅನ್ಯಾಯ. ಇಬ್ಬರೂ ಒಟ್ಟಿಗೆ ನೋಡಿದರೆ? ನಿಮ್ಮ ದೋಷ ನಿಮ್ಮವರಿಗೆ, ನನ್ನದು ನಮ್ಮವರಿಗೆ. ಸಮ ಆಗ್ತದಲ್ವಾ?"

ಗಣಿತದ ಮೇಷ್ಟ್ರು! ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಕುರ್ಚಿ ಸಮೇತ ತಿರುಗಿದೆವು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ರೋಮ ನಿಲ್ಲುತ್ತದೆ. ನಮ್ಮವ ಓಡಿ ಬಂದು ಹೊಡೆದ. ನನ್ನ ಕಣ್ಣು ಕೆಲಸ ಮಾಡಿತು: ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು ನೆಟ್ಟಗೆ ಆಕಾಶಕ್ಕೆ ಹೋಯಿತು. ತೆಂಗಿನ ಮರದಷ್ಟು ಎತ್ತರ. ಕುಕ್ಕುಂದೂರಿನ ಕೀಪರ್ ಆಗಲೇ ಒಂದು ಬದಿಗೆ ಹಾರಿ ಕವುಚಿ ಬಿದ್ದಿದ್ದ. ಮೈದಾನದಲ್ಲಿದ್ದವರೆಲ್ಲ ತಲೆ ಎತ್ತಿ ನಿಂತರು. ಚೆಂಡು ಮೇಲೆ ಒಂದು ಕ್ಷಣ ಯೋಚಿಸಿತು. ಆಮೇಲೆ ಬೊಂಡ ಬಿದ್ದ ಹಾಗೆ ಇಳಿಯಿತು. ಈಗ ಮೇಷ್ಟ್ರ ಕಣ್ಣು ಕೆಲಸ ಮಾಡಿತು: ಏಳಲು ಹೊರಟ ಕೀಪರನ ಬೆನ್ನಿಗೆ ದೊಪ್ಪನೆ ಬಿದ್ದು, ಮೆಲ್ಲಗೆ ಉರುಳಿ ಉರುಳಿ ಗೆರೆ ದಾಟಿ ಒಳಗೆ ಹೋಯಿತು.

ಗೆದ್ದೆವು! ಉಳಿದೆವು! ಗದ್ದೆಗೆ ಗದ್ದೆಯೇ ಕುಣಿಯಿತು. ನಾನು ಕುರ್ಚಿ ತಲೆಯ ಮೇಲೆ ಎತ್ತಿಕೊಂಡು, "ನೋಡಿದೆ! ನಮ್ಮವರ ಗೋಲು ನೋಡಿದೆ!" ಎಂದು ಸಿಳ್ಳೆ ಊದುವವರ ಹತ್ತಿರ ಓಡಿದೆ. ಅವರು ಪುಸ್ತಕದಲ್ಲಿ ಬರೆಯುತ್ತಿದ್ದರು.

"ನಿಮ್ಮವರದಲ್ಲ ಅಂಕಲ್. ತಾಗಿದ್ದು ಅವರ ಕೀಪರನಿಗೆ. ಗೋಲು ಕುಕ್ಕುಂದೂರಿನವನ ಹೆಸರಿಗೆ."

ಕುರ್ಚಿ ಇಳಿಸಿ ಮೆಲ್ಲಗೆ ವಾಪಸು ಬಂದೆ. ಸೋತ ಊರಿನ ಮೇಷ್ಟ್ರು ಹುಣಿಯ ಮೇಲೆ ನಿಂತು ಕನ್ನಡಕ ತೆಗೆದು ಆನಂದಬಾಷ್ಪ ಒರೆಸಿಕೊಳ್ಳುತ್ತಿದ್ದರು.

"ಕೊನೆಗೂ ನಮ್ಮವರ ಗೋಲೊಂದನ್ನು ಕಣ್ಣಾರೆ ನೋಡಿದೆ ಮಾರಾಯ್ರೆ!"