ಸೊಂಟದ ಇಂಜೆಕ್ಷನ್ನೂ ನನ್ನ ಏಕಾದಶಿಯೂ

ಮನುಷ್ಯನ ಗುಟ್ಟನ್ನು ಹೆಂಡತಿ ಬಯಲು ಮಾಡಬಹುದು, ಆಫೀಸಿನ ಪ್ಯೂನ್ ಬಯಲು ಮಾಡಬಹುದು. ಅವನ ಸ್ವಂತ ರಕ್ತವೇ, ಅದೂ ಹೆತ್ತ ತಾಯಿಯ ಎದುರಿಗೆ, ಬಯಲು ಮಾಡಿದರೆ ದೂರು ಕೊಡುವುದು ಯಾರಿಗೆ?

ಮೊದಲು ಸೊಂಟದ ಸಮಾಚಾರ. ಮದರಾಸಿನ ಕೋಯಂಬೇಡು ತರಕಾರಿ ಮಾರ್ಕೆಟ್ಟಿನಲ್ಲಿ ಕೋಸಿನ ಎಲೆಯೊಂದರ ಮೇಲೆ ಕಾಲಿಟ್ಟೆ. ಎಡಗಾಲು ಟೊಮೇಟೊ ಕಡೆಗೂ ಬಲಗಾಲು ಬೆಂಡೆಕಾಯಿ ಕಡೆಗೂ ಪ್ರಯಾಣ ಬೆಳೆಸಿದವು. ಉಳಿದ ನಾನು ನಡುವೆ ಕುಕ್ಕರಿಸಿದೆ. ಸೊಂಟದ ಕೀಲಿನೊಳಗಿನ ಮೃದ್ವಸ್ಥಿ (ಹೀಗೆಂದರೆ ನೋವಿಗೂ ಒಂದು ಘನತೆ ಬರುತ್ತದೆ) ಹರಿದಿದೆ ಎಂದರು ಅಣ್ಣಾ ನಗರದ ಡಾಕ್ಟರ್ ಹರಿಹರ. ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಅರ್ಹತೆಯ ಮೇಲೆ ಅಮ್ಮ ಆರಿಸಿದ ಡಾಕ್ಟರು.

"ಕತ್ತರಿ ಹಾಕೋದು ಬೇಡ. ನಿಮ್ಮದೇ ರಕ್ತ ತೆಗೆದು, ಮೆಷೀನಲ್ಲಿ ಗಿರ್ರಂತ ತಿರುಗಿಸಿ, ಮೇಲೆ ನಿಲ್ಲೋ ಜೇನಿನ ಬಣ್ಣದ ತಿಳಿಯನ್ನ ಕೀಲಿಗೆ ಚುಚ್ತೀವಿ. ಇದಕ್ಕೆ ಬಗ್ಗದಿದ್ರೆ ಆಮೇಲೆ ಆಪರೇಷನ್ ಮಾತು" ಎಂದು ಪಾಲಿಸಬೇಕಾದ ನಿಯಮಗಳ ಚೀಟಿಯೊಂದನ್ನು ಕೈಗಿತ್ತರು.

ಇಂಜೆಕ್ಷನ್ನಿಗೆ ಅವರು ಕೊಟ್ಟ ದಿನ ಏಕಾದಶಿ.

ನಮ್ಮದು ಮಾಧ್ವರ ಮನೆ. ಏಕಾದಶಿ ಎಂದರೆ ಅಮ್ಮ, ಅಂದರೆ ಅಮ್ಮಣ್ಣಿಯವರು, ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಮಗನೂ ಹಾಗೆಯೇ ಎಂದು ಮದರಾಸಿನಲ್ಲಿರುವ ಸಮಸ್ತ ನೆಂಟರಿಗೂ ಸಾರಿಕೊಂಡು ಬಂದಿದ್ದಾರೆ. ಮಗರಾಯನೋ, ಇನ್ಶೂರೆನ್ಸ್ ಕಂಪನಿ ಸೇರಿದ ಐದು ವರ್ಷದಿಂದ, ಪ್ರತಿ ಏಕಾದಶಿ ಬರಿಹೊಟ್ಟೆಯಲ್ಲಿ ಮನೆ ಬಿಟ್ಟು, ವಡಪಳನಿಯ ಮೆಸ್ಸೊಂದರಲ್ಲಿ ತುಪ್ಪದ ಪೊಂಗಲ್ ಮುಗಿಸಿಯೇ ಆಫೀಸಿನ ಮೆಟ್ಟಿಲು ಹತ್ತುವವನು.

"ಆಚಾರ್ಯರನ್ನ ಕೇಳಿದೆ ಕಣೋ ಪ್ರಮೋದ. ರೋಗಿಗೆ ಉಪವಾಸದ ನಿಯಮ ಇಲ್ವಂತೆ. ಅವತ್ತು ಎರಡು ಇಡ್ಲಿ ತಿಂದ್ಬಿಡು" ಎಂದರು ಅಮ್ಮ.

ಅಲ್ಲಿಗೆ ನಾನು ಬಾಯಿ ಮುಚ್ಚಿ ಇಡ್ಲಿ ತಿಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆಂಡತಿ ಶ್ರೀವಿದ್ಯಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಕೇಳುಗರಿದ್ದರೆ ನನ್ನ ನಾಲಿಗೆಗೆ ಹರಿದಾಸರು ಬಂದು ಕೂರುತ್ತಾರೆ.

"ಕಾಲು ಹೋದರೂ ಚಿಂತೆಯಿಲ್ಲ ಅಮ್ಮ, ಏಕಾದಶಿ ಬಿಡಲಾರೆ!"

ಅಮ್ಮನ ಕಣ್ಣು ಒದ್ದೆಯಾಯಿತು. ಶ್ರೀವಿದ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. (ಭಕ್ತಿಯಿಂದ, ಎಂದುಕೊಂಡೆ.)

ಆ ದಿನ ಬೆಳಿಗ್ಗೆ "ನೀವು ಹನ್ನೊಂದಕ್ಕೆ ಬನ್ನಿ, ನಾನು ಮೊದಲೇ ಹೋಗಿ ಟೋಕನ್ ತಗೋತೀನಿ" ಎಂದು ಅಮ್ಮನಿಗೆ ಹೇಳಿ, ಕುಂಟುತ್ತಾ ಮೆಸ್ಸಿಗೆ ಹೋದೆ. ಡಾಕ್ಟರ ಚೀಟಿಯ ಮೊದಲ ಸಾಲು 'ಬರಿಹೊಟ್ಟೆಯಲ್ಲಿ ಬರಬೇಡಿ'. ಅದನ್ನು ಶಿರಸಾವಹಿಸಿ ಪಾಲಿಸಿದೆ: ಎರಡು ಪ್ಲೇಟ್ ಪೊಂಗಲ್, ಎರಡು ವಡೆ. ಎರಡನೆಯ ಸಾಲನ್ನು ಓದುವಷ್ಟು ಬಿಡುವು ವಡೆ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಕಲಾವತಿ ಸೂಜಿ ಹಿಡಿದು, "ಸಾಪ್ಟೀಂಗಳಾ ಸಾರ್?" ಎಂದಳು.

ತಿಂದಿರಾ ಎಂಬ ಪ್ರಶ್ನೆ ನನಗೆ. ಉತ್ತರ ಪಕ್ಕದಲ್ಲಿದ್ದ ಅಮ್ಮನಿಂದ. "ಇನ್ನಿಕ್ಕಿ ಏಕಾದಶಿ ಮ್ಮಾ. ತಣ್ಣಿ ಕೂಡ ಕುಡಿಕ್ಕಲೆ!"

ನೀರೂ ಕುಡಿಯದವನ ನರ ಸಿಗುವುದು ಹೇಗೆಂದು ಕಲಾವತಿ ಗಾಬರಿಯಾದಳು. ಚುಚ್ಚಿದರೆ ರಕ್ತ ಬುಗ್ಗೆಯಂತೆ ಬಂತು.

"ನೋಡಿದ್ಯಾ, ಇದೇ ಹರಿಯ ಕೃಪೆ" ಎಂದು ಅಮ್ಮ ಕೈ ಮುಗಿದರು. ನಾನೂ ಮುಗಿದೆ, ಬೇರೆ ಕಾರಣಕ್ಕೆ.

ಅರ್ಧ ಗಂಟೆಯ ಮೇಲೆ ಡಾಕ್ಟರು ಕೊಳವೆ ಹಿಡಿದು ಬಂದರು. ಕೆಳಗೆ ಕೆಂಪು. ಮೇಲೆ ಜೇನಿನ ಬಣ್ಣವಿರಬೇಕಾದಲ್ಲಿ ಗಟ್ಟಿ ಹಾಲಿನಂಥ ಬಿಳುಪು.

"ಎಣ್ಣೆ ತುಪ್ಪ ಮುಟ್ಟಬೇಡಿ ಅಂತ ಚೀಟೀಲಿ ಬರೆದಿತ್ತಲ್ಲ? ರಕ್ತದಲ್ಲಿ ಜಿಡ್ಡು ತೇಲ್ತಿದೆ. ಇದನ್ನ ಕೀಲಿಗೆ ಹಾಕೋಕಾಗಲ್ಲ. ಏನು ತಿಂದ್ರಿ?"

"ಅವನು ಏನೂ ತಿಂದಿಲ್ಲ ಡಾಕ್ಟ್ರೇ" ಎಂದರು ಅಮ್ಮ.

"ತುಪ್ಪ ತಿನ್ನದೆ ಹೀಗಾಗೋದು ಅಪರೂಪ ಅಮ್ಮ."

"ಹಾಗಿದ್ರೆ ಇದು ಅವನ ರಕ್ತ ಅಲ್ಲ! ಈ ಹುಡುಗಿ ಕೊಳವೆ ಬದಲಾಯಿಸಿದಾಳೆ. ನನ್ನ ಮಗ ಐದು ವರ್ಷದಿಂದ ಒಂದು ಏಕಾದಶಿ ತಪ್ಪಿಸಿಲ್ಲ!"

ಡಾಕ್ಟರ ಮುಖ ಕಲಾವತಿಯತ್ತ ಬಿಗಿಯಾಗಿ ತಿರುಗಿತು. ಆಸ್ಪತ್ರೆಯಲ್ಲಿ ಒಬ್ಬರ ರಕ್ತ ಇನ್ನೊಬ್ಬರದಾದರೆ ಕೆಲಸವೇ ಹೋಗುತ್ತದೆ. "ಇಲ್ಲ ಸಾರ್, ನಾನ್ ಮಾತ್ತಲೆ ಸಾರ್, ಪೇರು ಎಳುದಿರುಕ್ಕೇನ್ ಸಾರ್" ಎಂದು, ತಾನು ಬದಲಾಯಿಸಿಲ್ಲವೆನ್ನಲು, ಕೊಳವೆಗೆ ಅಂಟಿಸಿದ ನನ್ನ ಹೆಸರಿನ ಚೀಟಿಯನ್ನು ಅವಳು ಮತ್ತೆ ಮತ್ತೆ ತೋರಿಸಿದಳು.

ಇನ್ನು ಸುಮ್ಮನಿರುವಷ್ಟು ದೊಡ್ಡ ಭಂಡ ನಾನಲ್ಲ. ಹತ್ತಿರ ಹತ್ತಿರ ಅಷ್ಟೇ.

"ಪೊಂಗಲ್" ಎಂದೆ. "ಎರಡು ವಡೆ. ಅವರ ತಪ್ಪಿಲ್ಲ."

ಅಮ್ಮ ನನ್ನತ್ತ ನೋಡಲೇ ಇಲ್ಲ. ಕಲಾವತಿಯ ಕೈ ಹಿಡಿದು "ಮನ್ನಿಚ್ಚುಡು ಮ್ಮಾ" ಎಂದರು. ನನ್ನ ಪೊಂಗಲ್ಲಿಗೆ ಕ್ಷಮೆ ಕೇಳಿದ್ದು, ಹಿಂದಿನ ದಿನ ಮಧ್ಯಾಹ್ನದಿಂದ ನೀರು ಕಾಣದ ಬಾಯಿ.

"ಹದಿನೈದು ದಿನ ಬಿಟ್ಟು ಬನ್ನಿ" ಎಂದರು ಡಾಕ್ಟರು. ಅಮ್ಮ ಬೆರಳು ಮಡಿಸಿ ಎಣಿಸಿದರು. ಅವತ್ತೂ ಏಕಾದಶಿಯೇ.

"ಪರವಾಗಿಲ್ಲ. ಇಡ್ಲಿ ನನ್ನ ಕಣ್ಣೆದುರೇ ತಿನ್ನಿಸಿ ಕರ್ಕೊಂಡು ಬರ್ತೀನಿ. ಇವನ ಪಾಲಿನ ಉಪವಾಸಾನೂ ನಾನೇ ಮಾಡ್ತೀನಿ."

ಮರಳುವಾಗ ಆಟೋದಲ್ಲಿ ಶ್ರೀವಿದ್ಯಾಳ ಫೋನು ಬಂತು. ಕಿವಿ ಸ್ವಲ್ಪ ಮಂದವಾದ್ದರಿಂದ ಅಮ್ಮನ ಫೋನು ಸದಾ ಸ್ಪೀಕರಿನಲ್ಲೇ.

"ಇಂಜೆಕ್ಷನ್ ಆಯ್ತಾ ಅತ್ತೆ?"

"ಇಲ್ಲಮ್ಮ" ಎಂದರು ಅಮ್ಮ, ಜೀವಮಾನದಲ್ಲಿ ಸುಳ್ಳಾಡದವರು, ಅದೂ ಏಕಾದಶಿಯ ದಿನ. "ರಕ್ತ ಸಾಲಲಿಲ್ವಂತೆ. ಪಾಪ, ಉಪವಾಸ ಅಲ್ವಾ."



"ಅತ್ತೆ, ಏಕಾದಶಿಗೊಂದು ಶರ್ಟು, ಅದರ ಮೇಲೊಂದು ಸಾಂಬಾರ್ ಕಲೆ. ಐದು ವರ್ಷದಿಂದ ಒಗೀತಾ ಇದೀನಿ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಹೆಮ್ಮೆ ಪಡ್ತಿದ್ರಲ್ಲ ಅತ್ತೆ, ಹೇಗೆ ಹೇಳ್ಲಿ?"

ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಭಾಷೆ ತಿಳಿಯದಿದ್ದರೂ ವಿಷಯ ತಿಳಿದಂತಿತ್ತು. ಅಮ್ಮನಿಗೆ ಬೆನ್ನು ತಿರುಗಿಸಿ ರಸ್ತೆಯನ್ನಾದರೂ ನೋಡೋಣವೆಂದುಕೊಂಡೆ. ಸೊಂಟ ಬಿಡಲಿಲ್ಲ.