ಲೈನಲ್ಲೇ ಇರಿ

ಒಂದೇ ಇಲಾಖೆಯೊಳಗೆ ಕುರ್ಚಿ ಬದಲಾದರೂ ನಾಲಿಗೆ ಮಾತ್ರ ಹಳೆ ಕುರ್ಚಿಯಲ್ಲೇ ಕೂತಿರುತ್ತದೆ. ನನ್ನ ಪಾಲಿಗಂತೂ ಇದು ತಪ್ಪಿದ್ದೇ ಇಲ್ಲ.

ಕುಂದಾಪುರದ ಟೆಲಿಫೋನ್ ಆಫೀಸಿನಲ್ಲಿ ನಾನು ಪರಊರಿನ ಕರೆ ಜೋಡಿಸಿಕೊಡುವ ಟ್ರಂಕ್ ಆಪರೇಟರ್ ಆಗಿದ್ದೆ. ಎಸ್‌ಟಿಡಿ ಬಂದು ಜನ ತಾವೇ ನಂಬರು ಒತ್ತತೊಡಗಿ ಆ ಕೆಲಸವೇ ಇಲ್ಲವಾದಾಗ, ತೊಂಬತ್ತೆಂಟರಲ್ಲಿ ನನ್ನನ್ನು ಗ್ರಾಹಕರ ಕೌಂಟರಿಗೆ ಹಾಕಿದರು. ಒಂದು ತಿಂಗಳು ಪರೀಕ್ಷೆ. ಒಗ್ಗದಿದ್ದರೆ ಮಂಗಳೂರಿಗೆ ವರ್ಗ. ಬ್ರಹ್ಮಾವರದ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಎಲ್ಲಿಗೆ ಹೋಗಲಿ? ಹೆದರಿಕೆಯಲ್ಲೇ ಕೂತೆ.

ಲೈನು

ಮೊದಲ ದಿನ ಶಂಕರನಾರಾಯಣದ ಒಬ್ಬ ಹಿರಿಯರು ಬಂದರು. ಅವರ ಫೋನ್ ಸತ್ತಿತ್ತು. ವಿಚಾರಿಸಲು ಏಳುವಾಗ ಅಭ್ಯಾಸಬಲದಿಂದ, "ಲೈನಲ್ಲೇ ಇರಿ" ಅಂದೆ. ತಿರುಗಿ ನೋಡಿದರೆ ಅವರಿಲ್ಲ, ಸರತಿ ಸಾಲಿನ ತುದಿಗೆ ಹೋಗಿ ನಿಂತಿದ್ದಾರೆ. ಅವರ ಸರದಿ ಮತ್ತೆ ಬಂತು, ನನ್ನ ಬಾಯಲ್ಲಿ ಮತ್ತೆ ಅದೇ ಮಾತು ಬಂತು.

ಮೂರನೇ ಸಲ ಅವರು ಕೈಮುಗಿದರು. "ಅಮಾ, ಬೆಳಿಗ್ಗೆಯಿಂದ ಲೈನಂಗೇ ಇದ್ದೆ. ಮಾತಾಡೂದ್ ಯಾವಾಗ?"

ಸ್ವರ

ನನಗೆ ಊರಿಡೀ ಗೊತ್ತು, ಆದರೆ ಕಿವಿಯಿಂದ ಮಾತ್ರ. ಎದುರಿಗೆ ಮುಖ ಕಂಡರೆ ಗಾಬರಿ. ಹಾಗಾಗಿ ಜನ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳಲು ಶುರುಮಾಡಿದೆ. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು ಬಂದು ಎರಡು ಮಾತಾಡಿದ್ದೇ, ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ, "ಮುಂಬೈಗೆ ಗಂಡನಿಗೆ ಫೋನ್ ಮಾಡ್ತಿದ್ದ ಗಂಗೊಳ್ಳಿಯವಳಲ್ವಾ?"

"ಹ್ವಾಯ್, ಟ್ರಂಕಿನಮ್ಮ ನೀವೇಯಾ!" ಎಂದು ನನ್ನ ಕೈ ಹಿಡಿದುಕೊಂಡಳು. ಗಂಡ ದೂರವಿದ್ದ ಆ ಕಷ್ಟದ ಕಾಲದ ನೆನಪಿಗೆ ಇಬ್ಬರ ಕಣ್ಣೂ ಒದ್ದೆಯಾಯಿತು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು, "ಸ್ವರ ಕೇಂಡ್ರೆ ತೆಳ್ಳಗಿದ್ರಿ ಅಂದ್ಕಂಡಿದ್ದೆ!"

ಊಟ ಆಯ್ತಾ

ತಿಂಗಳ ಕೊನೆಗೆ, ನಮ್ಮ ಹೊಸ ಅಧಿಕಾರಿ ಪರೀಕ್ಷಿಸಲು ಬಂದರು. ಬೈಂದೂರು ಕಡೆಯವರು, ಭಾರಿ ಗಂಭೀರ. ನಾನು ಕಣ್ಣು ಮುಚ್ಚಿ ಗ್ರಾಹಕರ ದೂರು ಕೇಳುತ್ತಿದ್ದದ್ದು ಕಂಡು, ಒಳಗೆ ಕರೆದು ಬೈದರು. "ಕೌಂಟರಿನಲ್ಲಿ ನಿದ್ದೆಯೇ? ನಿಮಗೆ ಈ ಕೆಲಸ ಆಗುವುದಿಲ್ಲ."

ಮಂಗಳೂರು ಗ್ಯಾರಂಟಿ ಅಂದುಕೊಂಡು ಅಳು ತಡೆಯಲು ಕಣ್ಣು ಮುಚ್ಚಿದೆ. ಮುಚ್ಚಿದ್ದೇ, ಸ್ವರದ ಗುರುತು ಹತ್ತಿತು!

ವರ್ಷಗಳ ಹಿಂದೆ ಬೈಂದೂರಿನಿಂದ ಒಬ್ಬ ಹುಡುಗ ಬಾರ್ಕೂರಿನ ಹುಡುಗಿಗೆ ಟ್ರಂಕ್ ಕಾಲ್ ಮಾಡುತ್ತಿದ್ದ. "ಊಟ ಆಯ್ತಾ?" ಎಂದು ಕೇಳುವನು. ಆಕೆ "ಆಯ್ತ್" ಅನ್ನುವಳು. ಮುಂದೆ ಬರೀ ಉಸಿರು. ಮೂರು ನಿಮಿಷಕ್ಕಿಷ್ಟು ಎಂದು ದುಡ್ಡು; ನಾನು "ಮೂರು ನಿಮಿಷ ಆಯ್ತು" ಎಂದರೆ, "ಮುಂದುವರಿಸಿ" ಅನ್ನುವನು. ಮತ್ತೆ ಉಸಿರು. ಒಂದು ದಿನ ತಾಳಲಾರದೆ ನಾನೇ ನಡುವೆ ಬಾಯಿ ಹಾಕಿ, "ಎಂತ ಸಾರು ಅಂತಾದರೂ ಕೇಳಿ ಮಾರಾಯ್ರೆ" ಅಂದಿದ್ದೆ.

ಈಗಲೂ ಬಾಯಿ ತಡೆಯಲಿಲ್ಲ. "ಸಾರ್, ಇವತ್ತು ಎಂತ ಸಾರು?"

ಅಧಿಕಾರಿ ದೊಪ್ಪನೆ ಕುರ್ಚಿಯಲ್ಲಿ ಕೂತರು. ಗಾಂಭೀರ್ಯವೆಲ್ಲ ಇಳಿದು ಹೋಯಿತು. "ಟ್ರಂಕಿನವ್ರಾ? ಅವತ್ತ್ ನೀವ್ ಹೇಳಿಕೊಡ್ದಿದ್ರೆ ಅವ್ಳೊಟ್ಟಿಗೆ ನಂಗೆ ಮದಿಯೇ ಆತಿರ್ಲಿಲ್ಲೆ!"

ನಿದ್ದೆಯಲ್ಲ, ಕೇಳುವ ಕ್ರಮ ಎಂದು ವಿವರಿಸಿದೆ. ನಕ್ಕರು. "ಇಲ್ಲೇ ಇರಿ. ಕಣ್ಣು ಮಾತ್ರ ಬಿಟ್ಟುಕೊಂಡಿರಿ" ಅಂದರು. ಅಂದು ಬಸ್ಸಿನಲ್ಲಿ ಬ್ರಹ್ಮಾವರ ಮುಟ್ಟುವವರೆಗೂ ಸಂತೋಷಕ್ಕೆ ಒಬ್ಬಳೇ ನಗುತ್ತಿದ್ದೆ.

ಮರುದಿನ ಮಧ್ಯಾಹ್ನ ಕೌಂಟರಿನ ಫೋನ್ ಹೊಡೆದುಕೊಂಡಿತು. ಬಾರ್ಕೂರಿನ ಹುಡುಗಿಯ ಅದೇ ಸ್ವರ.

"ನಮ್ಮನಿಯವ್ರ್ ಎಲ್ಲಾ ಹೇಳ್ರ್. ಹ್ವಾಯ್, ಅವ್ರ್ ಇವತ್ತಿಗೂ ಊಟ ಆಯ್ತಾ, ಎಂತ ಸಾರ್, ಇಷ್ಟೇ ಕೇಂತ್ರ್. ಅದ್ರ ಮುಂದಿನ ಮಾತ್ ಒಂದ್ ಹೇಳಿಕೊಡಿ ಮಾರಾಯ್ರೆ!"